ಹೊರಗಿನ ಮಸಿ

"ಸಿಗರೇಟು ಸೇದ್ತೀರಾ?" ಡಾಕ್ಟರು ಎಕ್ಸ್‌ರೇಯಿಂದ ಕಣ್ಣು ತೆಗೆಯದೆ ಕೇಳಿದರು.

"ಈ ವಯಸ್ಸಲ್ಲಿ ಕಲಿಸ್ತೀರಾ?" ಅಂದಳು ಕಾಜಾ ಅಕ್ಕ. ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹೊಲಿಯುತ್ತಲೇ ಅರವತ್ತು ದಾಟಿದವಳಿಗೆ ಬೀದಿಯವರಿಟ್ಟ ಹೆಸರು ಅದು. ನಗು ಮುಗಿಯುವ ಮೊದಲೇ ಕೆಮ್ಮು ಹಿಡಿಯಿತು.

"ರಸ್ತೆ ಹೊಗೆ ಇಷ್ಟು ವರ್ಷ ಒಳಗೆ ಹೋಗಿದೆ. ಶ್ವಾಸಕೋಶ ಅರ್ಧ ಕೆಲಸಾನೂ ಮಾಡ್ತಿಲ್ಲ. ಇನ್ಮೇಲೆ ನೀವು ಹೊಲಿಯೋಕೆ ಕೂರೋ ಆ ರಸ್ತೆ ಕಡೆ ಕಿಟಕಿ ತೆಗೀಬೇಡಿ."

"ಬೆಳಕಿಗೆ?"

"ದೀಪ ಹಾಕ್ಕೊಳ್ಳಿ."

ಅವಳ ಚಿಂತೆ ಬೆಳಕಿನದಾಗಿರಲಿಲ್ಲ. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಆ ಕಿಟಕಿಯೊಂದೇ. ಆರು ವರ್ಷದ ಹಿಂದೆ ಕೆಳಗಿನ ಸರ್ಕಲ್ಲಿನ ಟ್ರಾಫಿಕ್ ಪೊಲೀಸನ ಗುಂಡಿ ಕಿತ್ತುಹೋಗಿ, ಅವನು ಒಂದು ಕೈಯಲ್ಲಿ ಅಂಗಿ ಹಿಡಿದುಕೊಂಡು ಇನ್ನೊಂದರಲ್ಲಿ ಬಸ್ಸುಗಳಿಗೆ ದಾರಿ ತೋರಿಸುತ್ತಿದ್ದ. ಇವಳು ಸೂಜಿ, ದಾರ, ಗುಂಡಿಯನ್ನು ಡಬ್ಬಿಯಲ್ಲಿಟ್ಟು ಹಗ್ಗ ಕಟ್ಟಿ ಇಳಿಬಿಟ್ಟಳು. ಅಂದಿನಿಂದ ದಿನಾ ಬೆಳಗ್ಗೆ ಅವನು ಮಾಸ್ಕ್ ಕೆಳಗಿಳಿಸಿ, "ಅಕ್ಕಾ, ಇದ್ದೀಯಾ?" ಎಂದು ಕೂಗುವನು. "ಇನ್ನೆಲ್ಲಿಗೆ ಹೋಗ್ಲೋ?" ಎಂದು ಇವಳು. ಎಷ್ಟೋ ದಿನ ಅವಳ ಬಾಯಿಂದ ಹೊರಟ ಮಾತು ಅದೊಂದೇ.

ಕಿಟಕಿ ಮುಚ್ಚಿದ ಮೇಲೂ ಮೂರು ದಿನ ಕೂಗು ಸಣ್ಣಗೆ ಕೇಳಿಸಿತು. ಗಾಜಿಗೆ ಮುಖ ಒತ್ತಿ ಕೈ ಬೀಸಿದಳು, ಅವನಿಗೆ ಕಾಣಲಿಲ್ಲ. ಕೆಳಗಿಳಿದು ಹೇಳೋಣವೆಂದರೆ ಮತ್ತೆ ಮೂರು ಮಹಡಿ ಹತ್ತುವ ಉಸಿರಿರಲಿಲ್ಲ. ಗಾಜನ್ನು ಉಜ್ಜಿಯೇ ಉಜ್ಜಿದಳು, ಆದರೆ ಮಸಿ ಇದ್ದದ್ದು ಹೊರಗಡೆ. ನಾಲ್ಕನೆಯ ದಿನ ಅವನು ಕೂಗಲಿಲ್ಲ. ಅಳು ಬಂತು. ಅತ್ತರೆ ಕೆಮ್ಮು ಬರುತ್ತದೆಂದು ಅದನ್ನೂ ನುಂಗಿಕೊಂಡಳು.

ಮಾರನೆಯ ಬೆಳಗ್ಗೆ ಒದ್ದೆ ಬಟ್ಟೆ ಹಿಡಿದು, ಉಸಿರು ಬಿಗಿಹಿಡಿದು ಕಿಟಕಿ ತೆಗೆದಳು. ಗಾಜಿನ ಹೊರಮೈಯನ್ನು ಗಡಿಬಿಡಿಯಿಂದ ಒರೆಸಿ ಮುಚ್ಚಿದಳು. ಬಟ್ಟೆ ಕಪ್ಪಾಗಿತ್ತು. ಗೋಡೆ ಹಿಡಿದು ಕೆಮ್ಮಿ, ಸುಧಾರಿಸಿಕೊಂಡು ತಲೆ ಎತ್ತಿದರೆ, ಅವನು ಇತ್ತಲೇ ನೋಡುತ್ತಿದ್ದ.

ಮಾಸ್ಕ್ ಕೆಳಗಿಳಿಸಿ ಎರಡು ಕೈಯನ್ನೂ ಬಾಯಿಗಿಟ್ಟು ಕೂಗಿದ. ಲಾರಿಯ ಸದ್ದಿನಲ್ಲಿ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಉತ್ತರ ಕೊಡಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಮೊಣಕಾಲ ಮೇಲೆ ಕೈಯೂರಿ ಬಾಗಿದ. ಬೆನ್ನು ಅಲುಗುತ್ತಿತ್ತು. ಆ ಕೆಮ್ಮು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಮತ್ತೆ ಮೇಲೆ ನೋಡಿದಾಗ ಅವಳು ಅಂಗೈಯಿಂದ ತನ್ನ ಮೂಗು, ಬಾಯಿ ಮುಚ್ಚಿ ತೋರಿಸಿದಳು. ಅವನು ನಕ್ಕು ಬೇಡವೆಂದು ತಲೆಯಾಡಿಸಿದ. ಅವಳು ಕೈ ತೆಗೆಯಲಿಲ್ಲ. ಕಡೆಗೆ ಅವನು ಮಾಸ್ಕನ್ನು ಕಣ್ಣಿನ ತನಕ ಏರಿಸಿಕೊಂಡ.

ಈಗ ಅವನ ಮುಖ ಕಾಣುತ್ತಿರಲಿಲ್ಲ. ಬಸ್ಸೊಂದು ಅಡ್ಡ ಬಂತು, ಹೋಯಿತು. ಅವಳು ಅಂಗೈಯನ್ನು ಬಾಯಿಯ ಮೇಲೆ ಹಾಗೇ ಇಟ್ಟುಕೊಂಡು ನಿಂತಿದ್ದಳು.