ಹೊಕ್ಕುಳಲ್ಲಿ ಮೇಸ್ತ್ರಿ

"ಎತ್ತೇ ಲೌಡಿ! ಹೊಟ್ಟೆ ಹಿಡ್ಕೊಂಡು ನಿಂತ್ಕೊಳ್ಳೋಕೆ ಇದೇನು ನಿನ್ನ ತವರುಮನೆನಾ?"

ಮೇಸ್ತ್ರಿ ಹಾಗೆ ಕೂಗಿದಾಗ ಗಂಟಿನ ಎರಡು ಮೂಲೆ ನನ್ನ ಕೈಯಲ್ಲಿದ್ದವು, ಇನ್ನೆರಡು ಅತ್ತಿಗೆಯ ಕೈಯಲ್ಲಿ. ಆಸ್ಪತ್ರೆಯ ಹಾಸು ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ನಮ್ಮ ಕೆಲಸ. ಯಂತ್ರದ ಬಾಯಿಂದ ಬಿದ್ದ ಒದ್ದೆ ಬಟ್ಟೆಯನ್ನು ಒಂದು ದೊಡ್ಡ ದುಪ್ಪಟಿಗೆ ತುಂಬಿ, ನಾಲ್ಕು ಮೂಲೆ ಸೇರಿಸಿ ಗಂಟು ಬಿಗಿದು, ಇಬ್ಬರು "ಹೂಂ" ಅಂದು ಎದೆಮಟ್ಟದ ಕಟ್ಟೆಗೆ ಎಸೆಯಬೇಕು. ಒಬ್ಬಳು ಕೈ ಬಿಟ್ಟರೆ ಇನ್ನೊಬ್ಬಳ ಸೊಂಟ ಮುರಿಯುತ್ತದೆ. ಅದಕ್ಕೇ ಯಾರೂ ಬಿಡುವುದಿಲ್ಲ. ಮೇಸ್ತ್ರಿಗೆ ಅದು ಚೆನ್ನಾಗಿ ಗೊತ್ತು.

ಅತ್ತಿಗೆಗೆ ಏಳು ತಿಂಗಳು. ನನ್ನಜ್ಜಿಯ ಕಥೆಗಳಲ್ಲಿ ಬಸುರಿ ರಾಣಿಯರು ಏಳನೇ ತಿಂಗಳಲ್ಲಿ ಹುಲಿಯ ಹಾಲು ಬೇಡುತ್ತಿದ್ದರು, ರಾಜ ಕಾಡಿಗೆ ಓಡುತ್ತಿದ್ದ. ಒಬ್ಬ ರಾಣಿಯೂ ಒದ್ದೆ ಗಂಟು ಎತ್ತಿದ್ದು ನನಗೆ ನೆನಪಿಲ್ಲ. ನಮ್ಮಣ್ಣನೂ ಓಡುತ್ತಾನೆ, ಯಾರದೋ ಲಾರಿಯಲ್ಲಿ, ಮೂರು ವಾರಕ್ಕೊಮ್ಮೆ ಮನೆಗೆ.

"ಹೂಂ" ಅಂದೆವು. ಗಂಟು ಕಟ್ಟೆ ಸೇರಿತು. ಅತ್ತಿಗೆ ಒಂದು ಅಂಗೈಯನ್ನು ಹೊಕ್ಕುಳ ಮೇಲಿಟ್ಟು ಗೋಡೆಗೆ ಒರಗಿದಳು.

ಮಧ್ಯಾಹ್ನ ಬಟ್ಟೆ ಬದಲಿಸುವ ಗೂಡಿನಲ್ಲಿ ಸೆರಗು ಸರಿಸಿ ತೋರಿಸಿದಳು. ಉಬ್ಬಿದ ಹೊಟ್ಟೆಯ ನಡುವೆ, ಹೊಕ್ಕುಳ ಇರಬೇಕಾದಲ್ಲಿ, ನಿಂಬೆಹಣ್ಣಿನಷ್ಟು ಗಡ್ಡೆ. ಕೆಮ್ಮಿದಳು, ಅದು ಇನ್ನಷ್ಟು ಮುಂದೆ ಬಂತು.

"ಮಲ್ಕೊಂಡ್ರೆ ಮಾಯ ಆಗುತ್ತೆ ಕಣೇ," ಅಂದಳು. "ಗಂಟು ಎತ್ತಿದ್ರೆ ಹಾಜರ್."

"ಹಂಗಾದ್ರೆ ಮೇಸ್ತ್ರೀನೇ ಬಿಡು," ಅಂದಳು ಬೊಚ್ಚಿ. ಮುಂದಿನ ಹಲ್ಲೆಲ್ಲ ಉದುರಿದ ನಮ್ಮ ಹಿರಿಯಳು ಅವಳು, ಮೂವತ್ತು ವರ್ಷದಿಂದ ಗಂಟು ಕಟ್ಟುವ ಕೈ. "ನಾವು ದುಡಿಯುವಾಗ ತಲೆ ಹೊರಗೆ ಹಾಕ್ತಾನೆ, ತಾನು ಮಾತ್ರ ಏನೂ ಎತ್ತಲ್ಲ."

ನಗು ತಡೆಯಲಾಗಲಿಲ್ಲ. ಅತ್ತಿಗೆಯೂ ನಕ್ಕಳು, ನಕ್ಕಾಗ ಗಡ್ಡೆಯೂ ಕುಣಿಯಿತು. "ಅಯ್ಯೋ ನಗಿಸ್ಬೇಡ್ರೇ, ಬೋಳಿಮಗ ಪೂರ್ತಿ ಈಚೆ ಬಂದುಬಿಡ್ತಾನೆ!"

ಆಪರೇಷನ್ ಆದವರಿಗೆ ಕಟ್ಟುವ ಹೊಟ್ಟೆ ಬೆಲ್ಟುಗಳೂ ನಮ್ಮಲ್ಲಿಗೆ ಒಗೆತಕ್ಕೆ ಬರುತ್ತವೆ. ಹರಿದು ಪಕ್ಕಕ್ಕೆ ಎಸೆದಿದ್ದ ಒಂದನ್ನು ಬೊಚ್ಚಿ ತಂದಳು. ನಮಗೆ ಗೊತ್ತಿದ್ದ ವಿದ್ಯೆ ಒಂದೇ. ಅತ್ತಿಗೆಯನ್ನು ನಿಲ್ಲಿಸಿ, ಹೊರಗೆ ಬಂದ ಗಡ್ಡೆಯ ಮೇಲೇ ಬೆಲ್ಟು ಸುತ್ತಿ, ನಾನೊಂದು ಕಡೆ ಬೊಚ್ಚಿಯೊಂದು ಕಡೆ ಹಿಡಿದು "ಹೂಂ" ಅಂದು ಎಳೆದೆವು. ಸಂಜೆಯ ಹೊತ್ತಿಗೆ ಅತ್ತಿಗೆಯ ಮುಖ ಹಿಂಡಿದ ಬಟ್ಟೆಯ ಹಾಗಾಗಿತ್ತು.

ರಜೆಯ ದಿನ ಕ್ಲಿನಿಕ್ಕಿಗೆ ಕರೆದೊಯ್ದೆ. ಬೆಲ್ಟು ಬಿಚ್ಚಿದ ನರ್ಸಮ್ಮ ಹಣೆ ಚಚ್ಚಿಕೊಂಡಳು.

"ಏನಮ್ಮಾ ಇದು, ಹೊಟ್ಟೆನಾ ಬಟ್ಟೆ ಮೂಟೆನಾ?"

"ಮೂಟೆ ಕಟ್ಟೋರೇ ಕಟ್ಟಿದ್ದು," ಅಂದಳು ಅತ್ತಿಗೆ.

ನರ್ಸಮ್ಮ ಅವಳನ್ನು ಮಲಗಿಸಿ, ಎರಡು ಬೆರಳಲ್ಲಿ ಮೆತ್ತಗೆ ಸವರಿದಳು. ಗಡ್ಡೆ ಒಳಗೆ ಜಾರಿತು.

"ಹರ್ನಿಯಾ ಇದು. ಹೊಕ್ಕುಳ ಹತ್ರ ಹೊಟ್ಟೆ ಗೋಡೆ ತೆಳ್ಳಗಾಗಿದೆ. ಒಳಗಿಂದ ಬಸಿರು ತಳ್ಳುತ್ತೆ, ಹೊರಗಿಂದ ನೀನು ಭಾರ ಎತ್ತುತೀಯ. ಸಂದು ಸಿಕ್ಕಿದ ಕಡೆ ಕರುಳು ಇಣುಕುತ್ತೆ. ಮಗು ಚೆನ್ನಾಗಿದೆ, ಹೆದರ್ಬೇಡ."

"ಕುಯ್ಯಬೇಕಾ?"

"ಸಾಮಾನ್ಯವಾಗಿ ಹೆರಿಗೆ ಆದ್ಮೇಲೆ. ಅಲ್ಲಿವರೆಗೆ ಭಾರ ಎತ್ತಲೇಬಾರದು. ಕೆಮ್ಮು ಬಂದ್ರೆ ಅಂಗೈ ಒತ್ತಿಟ್ಕೋ. ಏಳುವಾಗ ಮಗ್ಗುಲಾಗಿ ಏಳು. ನೀರು ಚೆನ್ನಾಗಿ ಕುಡಿ, ಹೊರಕಡೆಗೆ ಕೂತಾಗ ತಿಣುಕಬೇಡ. ಬೆಲ್ಟು ಹಾಕೋದಾದ್ರೆ ಮಲಗಿ, ಇದು ಒಳಗೆ ಹೋದ್ಮೇಲೆ, ಉಸಿರಾಡುವಷ್ಟು ಸಡಿಲ." ಆಮೇಲೆ ನನ್ನತ್ತ ತಿರುಗಿದಳು. "ಕೇಳು ಹುಡುಗಿ, ಎಲ್ಲೋ ನೋಡ್ಬೇಡ. ಇದು ಕಲ್ಲಾಗಿ, ಒಳಗೆ ಹೋಗದೆ, ಬಣ್ಣ ತಿರುಗಿ, ಇವಳಿಗೆ ನೋವು ವಾಂತಿ ಬಂದ್ರೆ ಕೈಯಿಂದ ಒತ್ತೋಕೆ ಹೋಗ್ಬೇಡ. ಆ ಕ್ಷಣ ದೊಡ್ಡಾಸ್ಪತ್ರೆಗೆ. ಕರುಳು ಸಿಕ್ಕಿಹಾಕ್ಕೊಂಡ್ರೆ ತಾಯಿ ಮಗು ಇಬ್ರಿಗೂ ಅಪಾಯ. ಬೆಳಗಾಗ್ಲಿ ನೋಡೋಣ ಅಂತ ಕೂರೋ ಹಾಗಿಲ್ಲ."

ಭಾರ ಎತ್ತಿಸಬಾರದು ಎಂದು ಚೀಟಿ ಬರೆದು, ಬೆಲ್ಟನ್ನು ತಾನೇ ಸರಿಯಾಗಿ ಹಾಕಿ ಕಳಿಸಿದಳು.

ಮರುದಿನ ಮೇಸ್ತ್ರಿ ಚೀಟಿ ಓದಿ, ಅದನ್ನು ಮಡಿಸಿ, ಕುಂಟುತ್ತಿದ್ದ ತನ್ನ ಮೇಜಿನ ಕಾಲಡಿ ಸಿಕ್ಕಿಸಿದ. ಅಲ್ಲಾಡಿಸಿ ನೋಡಿದ. ಸರಿಹೋಗಿತ್ತು.

"ಎತ್ತೋಕಾಗದವರು ಮನೇಲಿರ್ಬೇಕು. ನಾಳೆಯಿಂದ ಬರೋದು ಬೇಡ ಅಂದ್ರೆ ಈಗ್ಲೇ ಹೇಳು."

"ಮಡಿಸೋ ಕೆಲ್ಸ ಕೊಡಿ ಅಣ್ಣಾ. ಎರಡು ತಿಂಗಳು ಅಷ್ಟೆ."

"ಯಾರೇ ನಿಂಗೆ ಅಣ್ಣ? ಬಸುರಾಗುವಾಗ ನನ್ನನ್ನ ಕೇಳಿದ್ಯಾ?" ಅವನ ಕಣ್ಣು ಅವಳ ಸೊಂಟಕ್ಕೆ ಬಿತ್ತು. "ಅದೇನದು? ಆಸ್ಪತ್ರೆ ಬೆಲ್ಟಲ್ವಾ? ಕದಿಯೋ ಮುಂಡೆ! ಬಿಚ್ಚು."

"ಹರಿದಿದ್ದು, ಎಸೆದಿದ್ದು..."

"ಬಿಚ್ಚು ಅಂದೆ. ಇಲ್ಲೇ."

ಅವಳು ಗೂಡಿನ ಕಡೆ ಹೆಜ್ಜೆಯಿಟ್ಟಳು. ಅವನು ಅಡ್ಡ ನಿಂತ. ಇಪ್ಪತ್ತು ಹೆಂಗಸರು, ಬಟ್ಟೆ ಇಳಿಸುವ ಗಂಡಸರು ಎಲ್ಲರೆದುರು ಅತ್ತಿಗೆ ಸೆರಗು ಸರಿಸಿ, ಬೆಲ್ಟು ಬಿಚ್ಚಿ, ಅವನ ಮೇಜಿನ ಮೇಲಿಟ್ಟಳು. ಬೆಚ್ಚಗಿದ್ದ ಬೆಲ್ಟನ್ನು ಅವನು ಪೆನ್ನಿನ ತುದಿಯಲ್ಲಿ ಎತ್ತಿ ಬುಟ್ಟಿಗೆ ಹಾಕಿದ. ನಾನು ಕಣ್ಣು ಕೆಳಗೆ ಹಾಕಿಕೊಂಡೆ. ಹಾಕಬಾರದಿತ್ತು.

ಆಮೇಲೆ ಎತ್ತಿದೆವು. ಭಾರವೆಲ್ಲ ನನ್ನ ಕಡೆಗೇ ಬರಲಿ ಎಂದು ಎಳೆದುಕೊಂಡೆ. ಒದ್ದೆ ಬಟ್ಟೆ ಯಾರ ಮಾತೂ ಕೇಳುವುದಿಲ್ಲ. ಆರನೇ ಗಂಟಿಗೋ ಏಳನೆಯದಕ್ಕೋ ಅತ್ತಿಗೆ "ಹೂಂ" ಅನ್ನಲಿಲ್ಲ. ಕೈಯನ್ನೂ ಬಿಡಲಿಲ್ಲ. ಗಂಟು ಕಟ್ಟೆ ಸೇರಿದ ಮೇಲೆ ಕೂತಳು, ವಾಂತಿ ಮಾಡಿದಳು.

ಮಲಗಿಸಿದೆವು. ಗಡ್ಡೆ ಒಳಗೆ ಹೋಗಲಿಲ್ಲ. ಮುಟ್ಟಿದರೆ ಕಲ್ಲು. ಮೇಲಿನ ಚರ್ಮ ನೇರಳೆಗೆ ತಿರುಗಿತ್ತು. ಬೊಚ್ಚಿ ಒತ್ತಲು ಕೈ ಚಾಚಿದಳು. ಅವಳ ಕೈ ಹಿಡಿದುಕೊಂಡೆ.

"ಬೇಡ ದೊಡ್ಡಮ್ಮಾ. ಆಸ್ಪತ್ರೆ."

ಅಂಗಳದಲ್ಲಿ ಆಸ್ಪತ್ರೆಯ ವ್ಯಾನು ಇಸ್ತ್ರಿಯಾದ ಬಟ್ಟೆ ತುಂಬಿಕೊಂಡು ಹೊರಡಲು ನಿಂತಿತ್ತು. ಒಳಗೆ ಬೆರಳು ತೂರಿಸಲೂ ಜಾಗವಿರಲಿಲ್ಲ. ಬೊಚ್ಚಿ ಮೊದಲ ಕಟ್ಟನ್ನು ಎಳೆದು ಕೆಸರಿಗೆ ಹಾಕಿದಳು. ಆಮೇಲೆ ಎಲ್ಲರ ಕೈಯೂ ಬಿತ್ತು. ಬಿಳೀ ದುಪ್ಪಟಿ, ದಿಂಬಿನ ಚೀಲ, ಡಾಕ್ಟರರ ಕೋಟು, ಎಲ್ಲ ಕೆಸರಲ್ಲಿ.

ಮೇಸ್ತ್ರಿ ಓಡಿ ಬಂದ. "ಏಯ್! ಆಸ್ಪತ್ರೆಗೆ ಹೋಗ್ಬೇಕಾದ ಬಟ್ಟೆ ಕಣ್ರೇ ಅದು!"

"ಇವಳೂ ಅಲ್ಲಿಗೇ ಹೋಗ್ಬೇಕಾದೋಳು," ಅಂದಳು ಬೊಚ್ಚಿ. "ಸರಿ ಆಚೆ, ನನ್ಮಗನೆ, ಇಲ್ಲಾಂದ್ರೆ ನಿನ್ನನ್ನೂ ಒಗೀತೀನಿ."

ಅತ್ತಿಗೆಯನ್ನು ವ್ಯಾನಿನೊಳಗೆ ಮಲಗಿಸಿ ನಾನೂ ಹತ್ತಿದೆ. ಡ್ರೈವರ್ ಮೇಸ್ತ್ರಿಯ ಮುಖ ನೋಡಿದ, ಇಪ್ಪತ್ತು ಹೆಂಗಸರ ಮುಖ ನೋಡಿದ, ಗಾಡಿ ಎಬ್ಬಿಸಿದ.

ದಾರಿಯುದ್ದಕ್ಕೂ ಅತ್ತಿಗೆಯ ಉಗುರು ನನ್ನ ಮಣಿಕಟ್ಟಿನಲ್ಲಿ ಊರಿತ್ತು. "ಒದೀತಿದೆ," ಅಂದಳು ಒಮ್ಮೆ. "ನಿನ್ನಣ್ಣನ ಹಾಗೇ, ಹೊತ್ತು ಗೊತ್ತು ಇಲ್ಲ." ಮತ್ತೆ ವಾಂತಿ.

ದೊಡ್ಡಾಸ್ಪತ್ರೆಯ ಹಿಂಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಮಾಡಿದ. ಹಿಂದೆ ಇಣುಕಿ ನೋಡಿದ.

"ಬಟ್ಟೆ ಎಲ್ಲಿ?"

"ಹೆಂಗಸಿದ್ದಾಳೆ, ಬಸುರಿ, ಕರುಳು ಸಿಕ್ಕಿಹಾಕ್ಕೊಂಡಿದೆ, ಬಾಗಿಲು ತೆಗಿ," ಅಂದೆ.

"ಇದು ಬಟ್ಟೆ ಗೇಟಮ್ಮ. ರೋಗಿಗಳದ್ದು ಮುಂದ್ಗಡೆ. ಅಲ್ಲಿ ಕ್ಯೂ ಇರುತ್ತೆ, ಚೀಟಿ ಮಾಡಿಸ್ಬೇಕು."

"ಚೀಟಿ ಮಾಡಿಸಿದ್ದೆ ಕಣೋ! ಮೇಸ್ತ್ರಿ ಮೇಜಿನ ಕಾಲಡಿ ಬಿದ್ದಿದೆ!"

ಅವನು ತಲೆ ಕೆರೆದುಕೊಂಡು ನಿಂತ. ಅತ್ತಿಗೆಯ ಹಿಡಿತ ನನ್ನ ಮಣಿಕಟ್ಟಿನಲ್ಲಿ ಸಡಿಲವಾಗತೊಡಗಿತ್ತು. ನಾನು ಸೀಟಿನ ಮೇಲಿಂದ ಬಾಗಿ, ಡ್ರೈವರನ ಕೈ ಸರಿಸಿ, ಹಾರನ್ ಮೇಲೆ ಎರಡೂ ಅಂಗೈ ಊರಿ ಭಾರವೆಲ್ಲ ಬಿಟ್ಟೆ.

ಕಾವಲಿನವನು ಕಿವಿ ಮುಚ್ಚಿಕೊಂಡು ಏನೋ ಕೂಗಿದ. ಮೊದಲ ಮಹಡಿಯಲ್ಲಿ ಒಂದು ಕಿಟಕಿ ತೆರೆಯಿತು. ಎರಡನೆಯದರಲ್ಲಿ ಮೂರು. ಬಿಳೀ ಕೋಟುಗಳು ಬಾಗಿ ಕೆಳಗೆ ನೋಡಿದವು, ಬೈದವು, ಕೈ ಆಡಿಸಿದವು.

ನಾನು ಕೈ ತೆಗೆಯಲಿಲ್ಲ.