ಹನ್ನೊಂದರ ಚಕ್ರಗಳು

ಕಿರ್ ಅಂತ ಒಂದು, ಅದರ ಹಿಂದೆಯೇ ಇನ್ನೊಂದು, ಆಮೇಲೆ ಹದಿನಾರೂ ಪಂಜರಗಳಲ್ಲಿ – ಬಾಗಿಲಾಚೆ ನಿಂತವಳಿಗೆ ಇಲಿಗಳ ಚಕ್ರ ಸುತ್ತುವುದು ಕೇಳಿಸುತ್ತಿದೆ, ಗಡಿಯಾರ ನೋಡಬೇಕಿಲ್ಲ, ಹನ್ನೊಂದಾಗಲು ಐದು ನಿಮಿಷ, ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಆರು ತಿಂಗಳಿಂದ ಕತ್ತಲೆ, ಆ ಕತ್ತಲೆಯಲ್ಲಿ ಅವು ಅವಳಿಗಾಗಿ ಓಡುತ್ತಿವೆ, ಇವತ್ತು ಕೈಯಲ್ಲಿ ಕಾಳಿನ ಡಬ್ಬಿಯಿಲ್ಲ, ಗಾಜಿನ ಪೆಟ್ಟಿಗೆಯಿದೆ, ಪಕ್ಕದ ಕೋಣೆಯ ಗ್ಯಾಸಿಗೆ ಸಿಕ್ಕಿಸಲು ಅದಕ್ಕೊಂದು ರಬ್ಬರ್ ಕೊಳವೆ – ಎಂಟು ಪಂಜರದಲ್ಲಿ ಜೋಡಿ, ಎಂಟರಲ್ಲಿ ಒಂಟಿ, ಕೆಲಸಕ್ಕೆ ಸೇರಿದ ಮೊದಲ ದಿನ ಲ್ಯಾಬಿನ ಮೇಡಂ ಹೇಳಿದ್ದರು, ಜೊತೆಯಿದ್ದರೆ ಒಂದೇ ಹೊತ್ತಿಗೆ ಏಳ್ತಾವಾ, ಒಂಟಿಯಾದ್ರೆ ಒಂದೊಂದು ಒಂದೊಂದು ಹೊತ್ತಿಗಾ, ಅದನ್ನ ನೋಡೋದಮ್ಮ ನಮ್ಮ ಕೆಲಸ, ನೀನು ಬರೋ ಹೊತ್ತು ಮಾತ್ರ ಅವಕ್ಕೆ ಗೊತ್ತಾಗ್ಬಾರ್ದು, ದಿನಕ್ಕೊಂದು ಚೀಟಿ ಕೊಡ್ತೀವಿ. ಇವತ್ತು ಬೆಳಗ್ಗೆ ಆರು, ನಾಳೆ ಮಧ್ಯಾಹ್ನ ಮೂರು, ನಾಡಿದ್ದು ರಾತ್ರಿ ಒಂಬತ್ತು, ಇಲಿಗೆ ಹೊತ್ತು ತಿಳಿಯಬಾರದೆಂದು ಆಳಿನ ಹೊತ್ತನ್ನು ಚೂರು ಚೂರು ಮಾಡಿ ಚೀಟಿಯಲ್ಲಿ ಕಟ್ಟಿಕೊಟ್ಟರು, ಇಲಿಗೆ ಜೊತೆ ಬೇಕೋ ಬೇಡವೋ ಎಂದು ಚಕ್ರ ಸುತ್ತಿದ ಹೊತ್ತಿಗೆಲ್ಲ ಕಾಗದದಲ್ಲಿ ಗೆರೆ ಎಳೆದು ನೋಡುವವರು ಅವಳ ನಿದ್ದೆಗೆ ಒಂದು ಗೆರೆ ಎಳೆದಿದ್ದರೆ ಗೋಡೆ ಸಾಲುತ್ತಿರಲಿಲ್ಲ, ಗಂಡನಿಗೆ ಮಿಲ್ಲಿನಲ್ಲಿ ಕಾಯಂ ರಾತ್ರಿಪಾಳಿ, ಅವನು ಏಳುವುದು ಮೂರಕ್ಕೆ, ಹೊರಡುವುದು ಆರಕ್ಕೆ, ನಾವು ಮದುವೆ ಆಗಿರೋದು ಮಂಚದ ಜೊತೆ ಕಣೇ, ಒಬ್ರು ಎದ್ದ ಬಿಸಿಗೆ ಇನ್ನೊಬ್ರು ಮಲಗೋದು, ಅಂದು ನಗಿಸಿದ್ದ, ನಗುತ್ತ ನಗುತ್ತ ಅವಳಿಗೆ ಅಳು ಬಂದಿತ್ತು.

ಕೊನೆಯ ಐವತ್ತು ದಿನ, ಚೀಟಿಯಲ್ಲಿದ್ದ ವೇಳೆಯನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹನ್ನೊಂದಕ್ಕೇ ಬಂದು ಹೋದಳು, ಮೂರಕ್ಕೆ ಮನೆಯಲ್ಲಿರುತ್ತಿದ್ದಳು, ಎರಡು ತಟ್ಟೆ ಒಟ್ಟಿಗೆ ಇಡುತ್ತಿದ್ದಳು, ಇಷ್ಟೇ ಅವಳು ಕದ್ದದ್ದು, ಇಲಿಗಳಿಗೇನು ಕಿವಿಯೇ ಮೂಗೇ ಎಂದುಕೊಂಡಿದ್ದಳು, ಇತ್ತು, ಎರಡೂ ಇತ್ತು. ನಿನ್ನೆ ಮೇಡಂ ಕಾಗದ ಹರಡಿದರು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ನೋಡಮ್ಮ, ಇಲ್ಲೀವರೆಗೂ ಒಂಟಿಗಳ ಗೆರೆ ಒಂದೊಂದು ದಿಕ್ಕಿಗೆ ಹೋಗಿದೆ, ಇಲ್ಲಿಂದ ಎಲ್ಲ ಒಂದೇ ಸಾಲು, ಹನ್ನೊಂದಕ್ಕೆ ಮುಂಚೆನೇ ಎದ್ದು ಓಡ್ತಾವೆ, ದಿನಾ ಹನ್ನೊಂದಕ್ಕೇ ಬರ್ತಿದ್ಯಾ. ಸುಳ್ಳು ಹೇಳಲು ಬಾಯಿ ತೆರೆದಳು, ಆದರೆ ಇಲಿಗಳು ಆಗಲೇ ಸಾಕ್ಷಿ ಹೇಳಿಯಾಗಿತ್ತು. ಹೂಂ ಮೇಡಂ. ಜೋಡಿ ಯಾವ್ದು ಒಂಟಿ ಯಾವ್ದು ಅಂತ್ಲೇ ಈಗ ಹೇಳೋಕಾಗಲ್ಲ, ಎಲ್ಲಕ್ಕೂ ನೀನೇ ಜೊತೆ ಆಗ್ಬಿಟ್ಟೆ, ಇವು ಇನ್ನು ಕೆಲಸಕ್ಕೆ ಬರಲ್ಲ, ನಾಳೆ ಗ್ಯಾಸಲ್ಲಿ ಮುಗಿಸ್ಬಿಟ್ಟು ಹೋಗು, ಆಮೇಲೆ ಬೇರೆಯವರು ಬರ್ತಾರೆ – ಕೆಲಸಕ್ಕೆ ಬಾರದ್ದು ಅಂದದ್ದು ಇಲಿಯನ್ನೋ ತನ್ನನ್ನೋ ಎಂದು ಅವಳು ಕೇಳಲಿಲ್ಲ, ಮನೆಗೆ ಹೋಗಿ ಹೇಳಿದಾಗ ಗಂಡನ ಕೈ ತಟ್ಟೆಯಲ್ಲೇ ನಿಂತಿತು, ಇರ್ಲಿ ಬಿಡು, ಮಧ್ಯಾಹ್ನದ ಪಾಳೀನೂ ಸೇರ್ಸಿ ಕೇಳ್ತೀನಿ, ಎರಡಕ್ಕೇ ಎದ್ದು ಹೋಗ್ತೀನಿ, ಅಂದ, ಅಂದರೆ ಮೂರರಿಂದ ಆರರವರೆಗಿನ ಆ ಮೂರು ತಾಸೂ ಹೋಯಿತು, ಅವನಿಗೂ ಗೊತ್ತು, ತನ್ನ ತಟ್ಟೆಯಿಂದ ಒಂದು ತುತ್ತೆತ್ತಿ ಅವಳ ತಟ್ಟೆಗಿಟ್ಟ.

ಬಾಗಿಲು ತೆಗೆದಳು, ಇಲಿಗೆ ಕಾಣದ ಕೆಂಪು ದೀಪ, ಒಂದನ್ನುಳಿದು ಚಕ್ರಗಳು ಒಂದೊಂದೇ ನಿಂತವು, ಕಂಬಿಯ ಸಂದಿಯಲ್ಲಿ ಸಾಲು ಮೂತಿಗಳು, ಬಂದೆ ಕಣ್ರೋ, ಅನ್ನುವುದು ಅಭ್ಯಾಸ, ಬಾಯಿಗೆ ಬಂದದ್ದನ್ನು ನುಂಗಿದಳು, ಒಂದನ್ನು ಬಾಲ ಹಿಡಿದು ಎತ್ತಿ ಗಾಜಿನ ಪೆಟ್ಟಿಗೆಗೆ ಬಿಟ್ಟಳು, ಇನ್ನೊಂದನ್ನು, ಜೋಡಿಯನ್ನು ಜೋಡಿಯಾಗೇ, ಒಂಬತ್ತನೆಯ ಪಂಜರದ್ದು ಒಂಟಿ, ಅದೊಂದು ಇನ್ನೂ ಓಡುತ್ತಿತ್ತು, ಮುಚ್ಚಳ ಎತ್ತಿದಾಗ ಬಾಲ ಹಿಡಿಯಬೇಕಾಗಲೇ ಇಲ್ಲ, ತಾನಾಗಿ ಅಂಗೈಗೆ ಹತ್ತಿ ಕುಳಿತು ಬೆರಳ ಸಂದಿಯಲ್ಲಿ ಕಾಳು ಹುಡುಕತೊಡಗಿತು, ಬೆಚ್ಚಗಿತ್ತು, ಎರಡು ಗಂಟೆಗೆ ಅವನು ಎದ್ದುಹೋಗುವ ಮಂಚದ ಹಾಗೆ, ಪೆಟ್ಟಿಗೆಯತ್ತ ಕೈ ಹೋಗಬೇಕು, ಹೋಗಲಿಲ್ಲ, ಪಂಜರದಲ್ಲಿ ಅದು ಬಿಟ್ಟುಬಂದ ಚಕ್ರ ತಿರುಗುತ್ತಲೇ ಇದೆ, ಒಳಗೆ ಯಾರೂ ಇಲ್ಲ, ತಿರುಗುತ್ತಲೇ ಇದೆ, ಹನ್ನೊಂದು ಗಂಟೆ, ಚಕ್ರ, ಒಳಗೆ ಯಾರೂ