ಚರ್ಚಿನೊಳಗೆ ಟೋಪಿ

"ತೆಗಿ ಅದನ್ನ," ಎನ್ನುತ್ತಲೇ ಓಡೆಸ್ಸಾ ಶವಪೆಟ್ಟಿಗೆಯಲ್ಲಿ ಮಲಗಿದ್ದ ಮಗನ ಟೋಪಿಗೆ ಕೈ ಹಾಕಿದಳು. ಸೊಸೆ ವರ್ನೀಸ್ ಆ ಕೈಯನ್ನು ಹಿಡಿದುಕೊಂಡಳು.

"ಬೇಡಮ್ಮ. ಇರಲಿ ಬಿಡಿ."

"ಏನು ಇರಲಿ? ಗಂಡಸು ಚರ್ಚೊಳಗೆ ಟೋಪಿ ಹಾಕ್ಕೊಂಡು ಬರೋದಾ? ಸತ್ತ ಅಂತ ಮರ್ಯಾದೆನೂ ಸತ್ತುಹೋಯ್ತಾ?"

ನಮ್ಮ ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು ನಿಲ್ಲುವ ಹೆಂಗಸರಿಗೆಲ್ಲ ಓಡೆಸ್ಸಾಳೇ ಯಜಮಾನಿ. ಮೇಯರ್ ಬಂದರೂ ಟೋಪಿ ತೆಗೆಸಿಯೇ ಒಳಗೆ ಬಿಡುವವಳು. ಅಂಥವಳ ಮಗ ರೂಫಸ್ ಇವತ್ತು ಹಳೆಯ ತಂಡದ ಉಣ್ಣೆ ಟೋಪಿಯನ್ನು ಕಿವಿ ಮುಚ್ಚುವಂತೆ ಹಾಕಿಕೊಂಡು ಮಲಗಿದ್ದ. ಅದೂ ಲೂಯಿಸಿಯಾನಾದ ಆಗಸ್ಟ್ ಸೆಕೆಯಲ್ಲಿ.

ಬೆಂಚುಗಳಲ್ಲಿ ಎಲ್ಲರ ಬಾಯಲ್ಲೂ ರೂಫಸ್ ಅಮೆರಿಕನ್ ಫುಟ್‌ಬಾಲಿನಲ್ಲಿ ಹಿಡಿದ ಚೆಂಡುಗಳದ್ದೇ ಮಾತು. ಅವನಿಗೆ ಚೆಂಡು ಎಸೆಯುತ್ತಿದ್ದ ಹಾಲಿಸ್ ಈಗ ಊರಿನ ಶಾಲೆಗೆ ಕೋಚ್. ಅವನು ರೂಫಸ್‌ನ ಮಗ ಟೈರೆಲ್‌ನ ಹೆಗಲ ಮೇಲೆ ಕೈಯಿಟ್ಟು, "ಸೋಮವಾರ ಪ್ರಾಕ್ಟೀಸಿಗೆ ಬಂದ್ಬಿಡು ಮಗಾ. ನಿಮ್ಮಪ್ಪನ ನಂಬರೇ ನಿಂಗೆ," ಎಂದ. ಹುಡುಗ ತಲೆಯಾಡಿಸಿದ. ಆ ನಂಬರಿನ ಅಂಗಿಯನ್ನು ಅಜ್ಜಿ ಆಗಲೇ ಇಸ್ತ್ರಿ ಮಾಡಿ ಇಟ್ಟಿದ್ದಳು. ವರ್ನೀಸ್ ಬೇಡವೆಂದು ಎಷ್ಟು ಬಡಿದುಕೊಂಡರೂ ಆ ಮನೆಯಲ್ಲಿ ಕೇಳುವವರಿರಲಿಲ್ಲ. ಮಗನನ್ನು ತಿಂದದ್ದು ಆಟವಲ್ಲ, ಸೊಸೆಯ ಗೋಳು ಎಂದು ಓಡೆಸ್ಸಾ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

*

ರೂಫಸ್ ದೊಡ್ಡ ತಂಡದಲ್ಲಿ ಒಂಬತ್ತು ವರ್ಷ ವೈಡ್ ರಿಸೀವರ್, ಅಂದರೆ ದೂರದಿಂದ ಎಸೆದ ಚೆಂಡನ್ನು ಓಡಿ ಹಿಡಿಯುವವನು, ಆಗಿದ್ದ. ಓಡುತ್ತಲೇ ತಿರುಗಿ ಚೆಂಡನ್ನು ನೋಡಬೇಕು, ಮೈಮೇಲೆ ಬೀಳಲು ಬರುವವನನ್ನು ನೋಡಬಾರದು. ಅದೇ ಅವನ ಕಸುಬು.

ಪ್ರತಿ ಬೇಸಿಗೆಯಲ್ಲೂ ಆಟ ಶುರುವಾಗುವ ಮುಂಚೆ ಡಾಕ್ಟರು ಆಟಗಾರರ ತಲೆ ಪರೀಕ್ಷೆ ಮಾಡುತ್ತಿದ್ದರು. ಪದಗಳನ್ನು ನೆನಪಿಟ್ಟು ಹೇಳಬೇಕು, ಅಂಕಿಗಳನ್ನು ತಿರುಗಿಸಿ ಹೇಳಬೇಕು. ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಮೊದಲಿಗಿಂತ ಕೆಟ್ಟದಾಗಿ ಹೇಳಿದವನಿಗೆ ಆಟವಿಲ್ಲ. ಅದಕ್ಕೇ ರೂಫಸ್ ಮತ್ತು ಅವನ ಗೆಳೆಯರು ಬೇಸಿಗೆಯಲ್ಲೇ ಬೇಕೆಂದು ತಪ್ಪು ಹೇಳಿಬಿಡುತ್ತಿದ್ದರು.

"ಮೊದಲೇ ದಡ್ಡ ಆಗ್ಬಿಟ್ರೆ, ಆಮೇಲೆ ದಡ್ಡ ಆಗಿದ್ದು ಯಾರಿಗೆ ಗೊತ್ತಾಗತ್ತೆ?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ವರ್ನೀಸ್ ಕೂಡ ನಕ್ಕಿದ್ದಳು.

ನಲವತ್ತು ದಾಟುವಷ್ಟರಲ್ಲಿ ಅವನು ತನ್ನ ಬೀದಿಯಲ್ಲೇ ಮನೆ ಹುಡುಕತೊಡಗಿದ. ಒಂದು ದಿನ ಟೈರೆಲ್‌ನನ್ನು ಕಳ್ಳನೆಂದುಕೊಂಡು ಹೊಡೆದುಬಿಟ್ಟ. ತಲೆ ತಿಳಿಯಾಗಿದ್ದ ಒಂದು ಬೆಳಿಗ್ಗೆ ಹೆಂಡತಿಯ ಕೈ ಹಿಡಿದು, "ನಾನು ಹೋದ್ಮೇಲೆ ಇದನ್ನ ಡಾಕ್ಟ್ರಿಗೆ ಕೊಡು. ತೆಗೆದು ನೋಡ್ಲಿ. ಆಟದ ಪೆಟ್ಟು ಒಳಗೆ ಏನು ಮಾಡಿದೆ ಅಂತ ಹುಡುಗನಿಗೆ ಗೊತ್ತಾಗ್ಲಿ," ಎಂದು ಹಣೆ ತಟ್ಟಿಕೊಂಡ. ಅಮ್ಮನಿಗೆ ಹೇಳಬೇಡವೆಂದೂ ಬೇಡಿಕೊಂಡ. ಹೋದ ವಾರ ಅವನು ನಿದ್ದೆಯಲ್ಲೇ ತೀರಿಕೊಂಡಾಗ ವರ್ನೀಸ್ ಮಾತು ಉಳಿಸಿಕೊಂಡಳು.

*

ಓಡೆಸ್ಸಾ ಸೊಸೆಯ ಕೈ ಕೊಡವಿ ಟೋಪಿ ಎಳೆದೇಬಿಟ್ಟಳು. ಬೋಳಿಸಿದ ತಲೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ದಪ್ಪ ದಾರದ ಹೊಲಿಗೆ ಇತ್ತು.

"ಏನ್ ಮಾಡ್ದೆ ನನ್ನ ಮಗನಿಗೆ?"

"ಅವರೇ ಕೇಳಿದ್ದಮ್ಮ. ಮಿದುಳನ್ನ ಡಾಕ್ಟ್ರಿಗೆ ಕೊಟ್ಟಿದೀನಿ."

"ಯಾತಕ್ಕೆ?"

ವರ್ನೀಸ್ ಮುಂದಿನ ಬೆಂಚಿನಲ್ಲಿ ಕೂತಿದ್ದ ಮಗನನ್ನೂ ಅವನ ಹೆಗಲ ಮೇಲೆ ಇನ್ನೂ ಇದ್ದ ಹಾಲಿಸ್‌ನ ಕೈಯನ್ನೂ ನೋಡಿದಳು.

ಮುದುಕಿ ಈಗ ಸೊಸೆಯ ಕಪಾಳಕ್ಕೆ ಬಿಡುತ್ತಾಳೆಂದೇ ನಾವೆಲ್ಲ ಅಂದುಕೊಂಡೆವು. ಓಡೆಸ್ಸಾ ಬಹಳ ಹೊತ್ತು ಆ ಹೊಲಿಗೆಯನ್ನೇ ನೋಡುತ್ತ ನಿಂತಳು. ಯಾರೋ ಮುಚ್ಚಳ ಹಾಕಲು ಮುಂದೆ ಬಂದರು, ಅವರನ್ನು ಗದರಿ ಹಿಂದಕ್ಕೆ ಕಳಿಸಿದಳು.

"ಟೈರೆಲ್, ಬಾ ಇಲ್ಲಿ."

ಹುಡುಗ ಹಾಲಿಸ್‌ನ ಕೈ ಸರಿಸಿ ಎದ್ದು ಬಂದ. ಅಜ್ಜಿ ಅವನ ಬೆರಳುಗಳನ್ನು ಹಿಡಿದು ಅವನಪ್ಪನ ಎಡಗಿವಿಯ ಹಿಂದೆ, ಹೊಲಿಗೆ ಶುರುವಾಗುವಲ್ಲಿ ಇಟ್ಟಳು. ಅವನು ಕೈ ಕಿತ್ತುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಒಂದೊಂದೇ ಗಂಟನ್ನು ಮುಟ್ಟಿಸುತ್ತ, ನೆತ್ತಿ ದಾಟಿಸಿ, ಆ ಬೆರಳುಗಳನ್ನು ಬಲಗಿವಿಯವರೆಗೆ ನಡೆಸಿಕೊಂಡು ಹೋದಳು.